ಹಳೆ ಜಿಪ್ಸಿಗೆ ಮಳೆ ಲೆಕ್ಕದ ಸರ್ವಿಸ್

ಓದುಗರ ಪ್ರಶ್ನೆ:

"ಮೂಡಿಗೆರೆ ಕಡೆ ನಮ್ಮದು ಕಾಫಿ ತೋಟ. 2004ರ ಜಿಪ್ಸಿ ಕಿಂಗ್ ಇದೆ, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಪೆಟ್ರೋಲ್. ಮೀಟರ್ 1,38,000 ತೋರಿಸುತ್ತಿದೆ. ತೋಟದೊಳಗೇ ಓಡುವುದು ಹೆಚ್ಚು, ದಿನಾ ಒಂದು ಹಳ್ಳ ದಾಟಬೇಕು, ಪೇಟೆಗೆ ವಾರಕ್ಕೆ ಎರಡು ಸಲ. ಎರಡು ಮಳೆಗಾಲದಿಂದ ಒಂದಲ್ಲ ಒಂದು ತೊಂದರೆ. ಐವತ್ತು-ಅರವತ್ತರ ವೇಗದಲ್ಲಿ ಚಿಕ್ಕ ಗುಂಡಿ ಸಿಕ್ಕರೂ ಸ್ಟೇರಿಂಗ್ ಹುಚ್ಚು ಹಿಡಿದ ಹಾಗೆ ನಡುಗುತ್ತದೆ, ಗಾಡಿ ನಿಲ್ಲಿಸುವವರೆಗೂ ಬಿಡುವುದಿಲ್ಲ. ಹೊಸ ಡ್ಯಾಂಪರ್ ಹಾಕಿಸಿದೆ, ಎರಡು ತಿಂಗಳು ಚೆನ್ನಾಗಿತ್ತು, ಮತ್ತೆ ಶುರು. ಮುಂದಿನ ಡಿಫರೆನ್ಷಿಯಲ್ ಆಯಿಲ್ ನೋಡಿದರೆ ಹಾಲು ಹಾಕಿದ ಕಾಫಿಯ ಬಣ್ಣ. ಡ್ರೈವರ್ ಕಾಲಬುಡದ ತಗಡು ತೂತು ಬಿದ್ದಿದೆ. ಮೇಸ್ತ್ರಿ 'ಮಲೆನಾಡಿಗೆ ಬೇಡ' ಅಂತ ಥರ್ಮೋಸ್ಟಾಟ್ ಕಿತ್ತುಹಾಕಿದ್ದಾರೆ. ಭಾವ ಚಾಸಿಗೆ ಹಳೆ ಇಂಜಿನ್ ಆಯಿಲ್ ಬಳಿ ಅನ್ನುತ್ತಾರೆ. ಮಗ ಮಾರಿ ಹೊಸದು ತಗೋ ಅನ್ನುತ್ತಾನೆ. ಮೇಲೆ ಈ ಎಥನಾಲ್ ಪೆಟ್ರೋಲಿನ ಹೆದರಿಕೆ. ಐದು ಸಾವಿರ ಕಿಲೋಮೀಟರಿಗೊಮ್ಮೆ ತಪ್ಪದೆ ಸರ್ವಿಸ್ ಮಾಡಿಸುತ್ತೇನೆ. ಇನ್ನೂ ಹತ್ತು ವರ್ಷ ಓಡಿಸಬಹುದೇ? ಎಲ್ಲಿಂದ ಶುರು ಮಾಡಲಿ?"

ಉತ್ತರ:

ಚಾಸಿ ಗಟ್ಟಿ ಇದ್ದರೆ ಹತ್ತು ವರ್ಷ ಓಡಿಸಬಹುದು. ನೀವು ಪಟ್ಟಿ ಮಾಡಿದ ತೊಂದರೆಗಳು ಬೇರೆಬೇರೆ ಅನ್ನಿಸಿದರೂ ನಡುಕ, ಹಾಲಾದ ಆಯಿಲ್, ತೂತಾದ ತಗಡು ಮೂರಕ್ಕೂ ಮೂಲ ಒಂದೇ: ನೀರು. ಈ ಗಾಡಿಯ 1298 ಸಿಸಿ ಇಂಜಿನ್ ಮೊಂಡು ಜಾತಿಯದು. ಆಯಿಲ್, ನೀರು ಸರಿಯಾಗಿ ನೋಡಿಕೊಂಡರೆ ಅದು ಸುಲಭಕ್ಕೆ ಕೈಕೊಡುವುದಿಲ್ಲ. ಮಲೆನಾಡಿನ ಜಿಪ್ಸಿಗಳು ಹಾಳಾಗುವುದು ಇಂಜಿನ್ನಿನ ಕೆಳಗೆ, ನಕಲ್ (ಮುಂದಿನ ಚಕ್ರ ಎಡಬಲ ತಿರುಗುವ ಗೂಡು), ಡಿಫ್ (ಡಿಫರೆನ್ಷಿಯಲ್), ಚಾಸಿ, ಬ್ರೇಕ್ ಇರುವ ಕಡೆ.

ಐದು ಸಾವಿರಕ್ಕೊಮ್ಮೆ ತಪ್ಪದೆ ಸರ್ವಿಸ್ ಮಾಡಿಸಿಯೂ ಹೀಗೇಕಾಯಿತು ಎಂಬುದು ನಿಮ್ಮ ಪ್ರಶ್ನೆಯ ಒಳಗಿರುವ ಪ್ರಶ್ನೆ. ತೋಟದ ಗಾಡಿಗೆ ಕಿಲೋಮೀಟರ್ ಲೆಕ್ಕ ಸುಳ್ಳು ಹೇಳುತ್ತದೆ. ಗೇರ್‌ಬಾಕ್ಸ್‌ನಿಂದ ಬಂದ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗೆ ಹಂಚುವುದು ಟ್ರಾನ್ಸ್‌ಫರ್ ಕೇಸ್. ಜಿಪ್ಸಿ ಕಿಂಗ್‌ನಲ್ಲಿ ಅದರ ಗೇರ್ ಅನುಪಾತ ಹೈನಲ್ಲಿ 1.409, ಲೋನಲ್ಲಿ 2.268. ಅಂದರೆ ಅದೇ ಗೇರಿನಲ್ಲಿ ಅದೇ ಒಂದು ಕಿಲೋಮೀಟರಿಗೆ ಲೋ ರೇಂಜಿನಲ್ಲಿ ಇಂಜಿನ್ ಹೈಗಿಂತ 1.6 ಪಟ್ಟು ಸುತ್ತುತ್ತದೆ, ಮೀಟರ್ ಮಾತ್ರ ಒಂದೇ ಕಿಲೋಮೀಟರ್ ಬರೆದುಕೊಳ್ಳುತ್ತದೆ. ಇನ್ನು ಹಳ್ಳದ ನೀರು ಎಷ್ಟು ಸಲ ಆಕ್ಸಲ್ ಮುಳುಗಿಸಿತು ಎಂಬುದನ್ನು ಯಾವ ಮೀಟರೂ ಎಣಿಸುವುದಿಲ್ಲ. ನಿಮ್ಮ ಗಾಡಿಗೆ ಬೇಕಾದದ್ದು ಮಳೆ ಲೆಕ್ಕ. ರೋಹಿಣಿ ಹಿಡಿಯುವ ಮೊದಲು ಒಂದು ದೊಡ್ಡ ಸರ್ವಿಸ್, ಸ್ವಾತಿ ಕಳೆದ ಮೇಲೆ ಇನ್ನೊಂದು. ಇಂಜಿನ್ ಆಯಿಲ್ ಮತ್ತು ಫಿಲ್ಟರ್ ಕೂಡ ಇದೇ ಎರಡು ಸಲ, ಐದು ಸಾವಿರ ಆಗಿರಲಿ ಬಿಡಲಿ.

ಸ್ಟೇರಿಂಗ್ ನಡುಕ

ಡ್ಯಾಂಪರ್ ಹಾಳಾದದ್ದರಿಂದ ಗಾಡಿ ನಡುಗುತ್ತದೆ ಎಂಬುದು ಜಿಪ್ಸಿಯ ವಿಷಯದಲ್ಲಿ ಬಹಳ ಬೇರೂರಿದ ತಪ್ಪು ತಿಳಿವಳಿಕೆ. ಡ್ಯಾಂಪರ್ ನಡುಕವನ್ನು ಅದುಮಿ ಹಿಡಿಯುತ್ತದೆ, ಅಷ್ಟೇ. ಎಲ್ಲೋ ಒಂದು ಕಡೆ ಸಡಿಲ ಇದೆ. ಹೊಸ ಡ್ಯಾಂಪರ್ ಎರಡು ತಿಂಗಳು ಅದನ್ನು ಮುಚ್ಚಿಟ್ಟಿತು, ಆ ಎರಡು ತಿಂಗಳಲ್ಲಿ ಸಡಿಲ ಇನ್ನಷ್ಟು ಹೆಚ್ಚಿತು. ಡ್ಯಾಂಪರ್ ಬದಲಿಸುವುದು ಕೊನೆಯ ಕೆಲಸ.

ಹುಡುಕುವ ಕ್ರಮ ಹೀಗೆ. ಮೊದಲು ನಾಲ್ಕೂ ಚಕ್ರದ ಒಳಬದಿ ತೊಳೆಯಿರಿ. ರಿಮ್ಮಿನ ಒಳಗೆ ಒಣಗಿ ಅಂಟಿದ ಕೆಂಪುಮಣ್ಣು ಅರ್ಧ ಕೆಜಿ ಇದ್ದರೆ ಯಾವ ಬ್ಯಾಲೆನ್ಸಿಂಗೂ ನಿಲ್ಲುವುದಿಲ್ಲ. ಕೆಲವರ ನಡುಕ ಇಷ್ಟಕ್ಕೇ ವಾಸಿಯಾಗುತ್ತದೆ. ಆಮೇಲೆ ಬ್ಯಾಲೆನ್ಸಿಂಗ್.

ಮುಂದಿನ ಆಕ್ಸಲ್ ಜಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೊಂದು ಕೆಳಗೊಂದು ಕೈ ಇಟ್ಟು ಒಳಗೆ-ಹೊರಗೆ ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಆಟ ನಿಂತರೆ ವೀಲ್ ಬೇರಿಂಗ್ ಸಡಿಲ. ಬ್ರೇಕ್ ಹಿಡಿದರೂ ಆಟ ಉಳಿದರೆ ಚಕ್ರ ಎಡಬಲ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್ ಹೋಗಿದೆ. ಇದಕ್ಕೆ ಯಂತ್ರ ಬೇಡ, ಕೈ ಸಾಕು. ಆದರೂ ಬ್ರೇಕ್ ಒತ್ತಿಸದೆಯೇ ವೀಲ್ ಬೇರಿಂಗ್ ಬಿಗಿ ಮಾಡಿ ಕಳಿಸುವ ಗ್ಯಾರೇಜುಗಳೇ ಹೆಚ್ಚು.

ನಂತರ ಗಾಡಿ ಇಳಿಸಿ, ಚಕ್ರ ನೆಲದ ಮೇಲಿರುವಾಗಲೇ ಒಬ್ಬರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಚೂರುಚೂರು ಆಡಿಸಲಿ, ನೀವು ಕೆಳಗೆ ಮಲಗಿ ನೋಡಿ. ಟೈರಾಡ್ (ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವ ಸರಳು) ಎಂಡುಗಳ ಮೇಲೆ ಬೆರಳಿಟ್ಟರೆ ಸವೆದ ಜಾಯಿಂಟ್ ಕಟ್‌ಕಟ್ ಅನ್ನುವುದು ಕೈಗೇ ತಿಳಿಯುತ್ತದೆ. ಲೀಫ್ ಸ್ಪ್ರಿಂಗಿನ ಬುಷ್ ಸವೆದಿದ್ದರೆ ಆಕ್ಸಲ್ಲೇ ಪಕ್ಕಕ್ಕೆ ಸರಿಯುವುದು ಕಾಣುತ್ತದೆ. ಗಾಡಿ ಎತ್ತರ ಮಾಡಲೆಂದು ಯಾರಾದರೂ ಉದ್ದನೆಯ ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಜೋಡಿಸುವ ಪಟ್ಟಿ) ಹಾಕಿದ್ದಾರೆಯೇ ನೋಡಿ. ಮುಂದೆ ಶ್ಯಾಕಲ್ ಉದ್ದವಾದರೆ ಆಕ್ಸಲ್ ಮುಂದಕ್ಕೆ ತಿರುಗಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ, ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕಳೆದುಕೊಳ್ಳುತ್ತದೆ, ನಡುಕಕ್ಕೆ ದಾರಿ ತೆರೆದಂತೆ. ಅಂಥ ಗಾಡಿಗೆ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಓರೆ ಪ್ಯಾಡ್ ಕೊಡಬೇಕು, ಇಲ್ಲವೇ ಮೂಲ ಶ್ಯಾಕಲ್‌ಗೆ ಮರಳಬೇಕು. ತೋಟಕ್ಕೆ ಮೂಲ ಎತ್ತರವೇ ಸಾಕು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಗಾಡಿಯಲ್ಲಿ ಡಿಫ್ ಆಯಿಲ್ ಕೂಡ ಹಾಲಾಗಿರುವುದರಿಂದ ನನ್ನ ಅನುಮಾನ ಕಿಂಗ್‌ಪಿನ್ ಮೇಲೆ. ಜಿಪ್ಸಿಯ ಮುಂದಿನ ನಕಲ್ ಒಂದು ದುಂಡನೆಯ ಗೂಡು. ಒಳಗೆ ತಿರುಗುವ ಜಾಯಿಂಟ್, ಮೇಲೆ ಕೆಳಗೆ ಒಂದೊಂದು ಟೇಪರ್ ಬೇರಿಂಗ್ (ಇವೇ ಕಿಂಗ್‌ಪಿನ್ ಬೇರಿಂಗ್), ಹಿಂಬದಿಯಲ್ಲಿ ಆ ಗುಂಡನ್ನು ಒರೆಸುತ್ತ ಕೂತ ದೊಡ್ಡ ಸೀಲ್. ಸೀಲ್ ಒಣಗಿ ಬಿರುಕು ಬಿಟ್ಟರೆ ಹಳ್ಳದ ನೀರು ಗೂಡಿಗೆ ಇಳಿಯುತ್ತದೆ. ನೀರು ಕೆಳಗೆ ನಿಲ್ಲುವುದರಿಂದ ಕೆಳಗಿನ ಬೇರಿಂಗ್ ಮೊದಲು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ರೋಲರ್ ತನ್ನ ರೇಸಿನಲ್ಲಿ, ಅಂದರೆ ತಾನು ಉರುಳುವ ಉಂಗುರದಲ್ಲಿ, ಗೆರೆಗಳನ್ನು ಕೊರೆಯುತ್ತದೆ. ಅಲ್ಲಿಂದ ಆಟ, ಆಟದಿಂದ ನಡುಕ.

ಒಂದೇ ಕಡೆ ಮಾಡಿಸಬೇಡಿ, ಎರಡೂ ನಕಲ್ ಒಟ್ಟಿಗೆ ಬಿಚ್ಚಿಸಿ. ನಾಲ್ಕು ಟೇಪರ್ ಬೇರಿಂಗ್, ಎರಡು ನಕಲ್ ಸೀಲ್ ಸೆಟ್, ಆಕ್ಸಲ್ ಕೊಳವೆಯ ತುದಿಯ ಎರಡು ಒಳ ಆಯಿಲ್ ಸೀಲ್, ಶಿಮ್ (ಸಂದು ಸರಿಪಡಿಸುವ ತೆಳು ಬಿಲ್ಲೆ) ಸೆಟ್ ತರಿಸಿಟ್ಟುಕೊಂಡೇ ಕೆಲಸ ಹಿಡಿಯಬೇಕು. ಬೇರಿಂಗ್ ಜತೆ ರೇಸೂ ಬದಲಾಗಬೇಕು. ಹಳೆ ರೇಸಿನ ಮೇಲೆ ಹೊಸ ಬೇರಿಂಗ್ ಕೂರಿಸಿದರೆ ಮುಂದಿನ ವರ್ಷ ಇದೇ ಕೆಲಸ. ನಕಲ್ಲಿನ ಗುಂಡು ಮೇಲ್ಮೈಯಲ್ಲಿ ತುಕ್ಕಿನ ಚುಕ್ಕೆ ಇದ್ದರೆ 400 ನಂಬರಿನ ಎಮರಿ ಹಾಳೆಯಿಂದ ಉಜ್ಜಿ ನಯ ಮಾಡಿ. ಒರಟು ಬಿಟ್ಟರೆ ಹೊಸ ಸೀಲನ್ನು ಅದೇ ಹರಿದುಹಾಕುತ್ತದೆ. ಶಿಮ್ ಎಷ್ಟು ಹಾಕಬೇಕೆಂಬುದನ್ನು ಅಂದಾಜಿನಲ್ಲಿ ನಿರ್ಧರಿಸುವುದಲ್ಲ. ಸೀಲ್ ಹಾಕುವ ಮೊದಲೇ ನಕಲ್ ಕೂರಿಸಿ, ಟೈರಾಡ್ ಕಿವಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಸರ್ವಿಸ್ ಪುಸ್ತಕ ಹೇಳಿದಷ್ಟು ಭಾರಕ್ಕೆ ಅದು ತಿರುಗಲು ಶುರುವಾಗುವ ಹಾಗೆ ಶಿಮ್ ತೆಗೆಯಬೇಕು ಅಥವಾ ಸೇರಿಸಬೇಕು. ತೀರಾ ಬಿಗಿಯಾದರೆ ಸ್ಟೇರಿಂಗ್ ಭಾರವಾಗಿ, ತಿರುವಿನ ನಂತರ ಮರಳದೆ ಅಲ್ಲೇ ನಿಲ್ಲುತ್ತದೆ. ಮೀನಿನ ಅಂಗಡಿಯವರು ಹಿಡಿದುಕೊಳ್ಳುವ ಕೊಕ್ಕೆ ತಕ್ಕಡಿಯೇ ಈ ಕೆಲಸಕ್ಕೆ ಸಾಕು. ಅದನ್ನು ತರಲು ಒಪ್ಪದ ಮೇಸ್ತ್ರಿಗೆ ಕಿಂಗ್‌ಪಿನ್ ಕೆಲಸ ಕೊಡಬೇಡಿ. ಗೂಡಿಗೆ ತುಂಬುವ ಗ್ರೀಸ್ ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸ್.

ಹಾಲು ಹಾಕಿದ ಕಾಫಿ

ಮುಂದಿನ ಡಿಫ್‌ಗೆ ನೀರು ಹೋಗಲು ಮೂರು ಬಾಗಿಲು. ಒಂದು ಈಗ ಹೇಳಿದ ನಕಲ್: ಹೊರ ಸೀಲ್ ದಾಟಿ ಬಂದ ನೀರು ಒಳ ಆಯಿಲ್ ಸೀಲನ್ನೂ ದಾಟಿ ಕೊಳವೆಯಲ್ಲಿ ಹರಿದು ಡಿಫ್ ಸೇರುತ್ತದೆ. ಅದೇ ದಾರಿಯಲ್ಲಿ ಆಯಿಲ್ ಈಚೆಗೂ ಬರುತ್ತದೆ. ಟೈರಿನ ಒಳಗೋಡೆಯಲ್ಲಿ ಎಣ್ಣೆ ಹನಿ, ನಕಲ್‌ನಿಂದ ನೀರಾದ ಗ್ರೀಸ್ ಸೋರುತ್ತಿದ್ದರೆ ಒಳ ಸೀಲ್ ಹೋಗಿದೆ ಎಂದೇ ಅರ್ಥ. ಎರಡನೆಯದು ಪ್ರೊಪೆಲ್ಲರ್ ಶಾಫ್ಟ್ ಡಿಫ್ ಸೇರುವ ಕಡೆಯ ಪಿನಿಯನ್ ಸೀಲ್.

ಮೂರನೆಯದು ಬ್ರೀದರ್. ಯಾರೂ ಕಣ್ಣೆತ್ತಿ ನೋಡದ ಭಾಗ ಇದು. ಡಿಫ್ ಹೌಸಿಂಗ್ ಮೇಲೆ ಬೆರಳ ತುದಿಯಷ್ಟು ಚಿಕ್ಕ ಉಸಿರಾಟದ ಮೂತಿ ಇರುತ್ತದೆ. ಓಡಿ ಬಂದ ಡಿಫ್ ಒಳಗಿನ ಗಾಳಿ 75-80 ಡಿಗ್ರಿ ಬಿಸಿ ಇದೆ ಅಂದುಕೊಳ್ಳಿ. ಹಳ್ಳದ 20 ಡಿಗ್ರಿ ನೀರಿಗೆ ಇಳಿದೊಡನೆ ಆ ಗಾಳಿ ಕುಗ್ಗುತ್ತದೆ, ಸುಮಾರು ಆರನೇ ಒಂದು ಪಾಲು. ಆ ಜಾಗ ತುಂಬಲು ಅದು ಎಲ್ಲಿಂದಾದರೂ ಉಸಿರೆಳೆಯಲೇಬೇಕು. ಬ್ರೀದರ್ ನೀರಿನಡಿ ಇದ್ದರೆ ನೀರನ್ನೇ ಎಳೆಯುತ್ತದೆ. ಕೆಸರು ಮೆತ್ತಿ ಮುಚ್ಚಿಹೋಗಿದ್ದರೆ ಸೀಲುಗಳ ತುಟಿಯ ಸಂದಿನಿಂದ ಎಳೆಯುತ್ತದೆ. ಹೊಸ ಸೀಲ್ ಹಾಕಿಸಿ ಒಂದೇ ಮಳೆಗಾಲಕ್ಕೆ ಮತ್ತೆ ಆಯಿಲ್ ಹಾಲಾಯಿತು ಎನ್ನುವವರ ಗಾಡಿಯಲ್ಲಿ ಬ್ರೀದರ್ ಮುಚ್ಚಿರುವುದು ತೀರ ಸಾಮಾನ್ಯ.

ಇದಕ್ಕೆ ಪರಿಹಾರ ಒಂದು ಮಧ್ಯಾಹ್ನದ ಕೆಲಸ. ಬ್ರೀದರ್ ಬಿಚ್ಚಿ ಅದರ ಜಾಗಕ್ಕೆ ಪೈಪ್ ಮೂತಿ ಕೂರಿಸಿ, ಪೆಟ್ರೋಲ್ ಪೈಪ್‌ನಂಥ ಎಣ್ಣೆಗೆ ಕರಗದ ಕೊಳವೆ ಸಿಕ್ಕಿಸಿ, ಬಾನೆಟ್ ಒಳಗೆ ಫೈರ್‌ವಾಲ್ ಮೇಲ್ತುದಿವರೆಗೆ ಏರಿಸಿ. ತುದಿಗೆ ಬೈಕಿನ ಚಿಕ್ಕ ಫ್ಯೂಯೆಲ್ ಫಿಲ್ಟರ್ ಹಾಕಿದರೆ ಧೂಳೂ ಹೋಗುವುದಿಲ್ಲ. ಮುಂದಿನ ಡಿಫ್, ಹಿಂದಿನ ಡಿಫ್, ಟ್ರಾನ್ಸ್‌ಫರ್ ಕೇಸ್, ಗೇರ್‌ಬಾಕ್ಸ್ ನಾಲ್ಕಕ್ಕೂ ಮಾಡಿ. ಆಕ್ಸಲ್ ಪೂರ್ತಿ ಕೆಳಗೆ ಜಗ್ಗಿದಾಗಲೂ ಕೊಳವೆ ಬಿಗಿಯಾಗದಷ್ಟು ಸಡಿಲ ಇರಲಿ, ಸೈಲೆನ್ಸರಿನಿಂದ ದೂರ ಇರಲಿ. ದಿನಾ ಹಳ್ಳ ದಾಟುವ ಗಾಡಿಗೆ ಇಷ್ಟು ಅಗ್ಗಕ್ಕೆ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ.

ಆಯಿಲ್ ಬದಲಿಸುವಾಗ ಒಂದು ಎಚ್ಚರ: ಮೊದಲು ತುಂಬುವ ಬಿರಡೆ ಬಿಚ್ಚಿ, ಆಮೇಲೆ ಇಳಿಸುವ ಬಿರಡೆ. ಇಳಿಸಿಬಿಟ್ಟ ಮೇಲೆ ತುಂಬುವ ಬಿರಡೆ ತುಕ್ಕು ಕಚ್ಚಿ ಬರದಿದ್ದರೆ ಖಾಲಿ ಡಿಫ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಮುಂದಿನ ಡಿಫ್‌ಗೆ 2 ಲೀಟರ್, ಹಿಂದಿನದಕ್ಕೆ ಒಂದೂವರೆ ಲೀಟರ್, 80ಡಬ್ಲ್ಯೂ-90 ಜಿಎಲ್-5 ದರ್ಜೆಯ ಗೇರ್ ಆಯಿಲ್. ಹಾಲಾಗಿರುವ ಡಿಫ್‌ಗೆ ಮೊದಲು ಅಗ್ಗದ 90ರ ಆಯಿಲ್ ಸರಿಯಾದ ಮಟ್ಟಕ್ಕೆ ತುಂಬಿ, ಮಣ್ಣುದಾರಿಯಲ್ಲಿ ಫೋರ್‌ವೀಲ್ ಹಾಕಿ ಐದಾರು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಬಿಸಿಯಿರುವಾಗಲೇ ಇಳಿಸಿ, ಆಮೇಲೆ ಒಳ್ಳೆಯ ಆಯಿಲ್ ತುಂಬಿ. ಸೀಮೆಎಣ್ಣೆ, ಡೀಸೆಲ್ ಹಾಕಿ ಓಡಿಸಿ ತೊಳೆಯುವ ಪದ್ಧತಿ ಬೇಡ. ಡಿಫ್ ಹಲ್ಲುಗಳು ಒಂದರ ಮೇಲೊಂದು ಜಾರಿಕೊಂಡು ಹೊಂದುವಂಥವು, ಅವಕ್ಕೆ ಒಂದು ಕ್ಷಣವೂ ತೆಳು ಎಣ್ಣೆ ಸಾಲದು. ಇಳಿಸಿದ ಆಯಿಲನ್ನು ಬೆರಳ ನಡುವೆ ಉಜ್ಜಿ ನೋಡಿ. ಬೂದು ಬಣ್ಣದ ನುಣುಪು ಸಹಜ. ಉಗುರಿಗೆ ಸಿಗುವ ಚೂರು ಬಂದರೆ ಬೇರಿಂಗ್ ಅಥವಾ ಹಲ್ಲು ಒಡೆಯುತ್ತಿದೆ, ಬಿಚ್ಚಿ ನೋಡಲೇಬೇಕು.

ಗೇರ್‌ಬಾಕ್ಸ್‌ಗೂ ಅದೇ ಡಬ್ಬದ ಜಿಎಲ್-5 ಸುರಿಯುವುದು ಇನ್ನೊಂದು ರೂಢಿ. ಒಳಗಿನ ಸಿಂಕ್ರೊನೈಸರ್ ಉಂಗುರಗಳು ಹಿತ್ತಾಳೆಯವು. ಜಿಎಲ್-5ರ ಗಂಧಕದ ರಾಸಾಯನಿಕ ಆ ಲೋಹಕ್ಕೆ ಒಗ್ಗುವುದಿಲ್ಲ, ಉಂಗುರಕ್ಕೆ ಬೇಕಾದ ಹಿಡಿತವೂ ಸಿಗುವುದಿಲ್ಲ. ಗೇರ್‌ಬಾಕ್ಸ್‌ಗೆ 75ಡಬ್ಲ್ಯೂ-90 ಜಿಎಲ್-4, 1.3 ಲೀಟರ್. ಟ್ರಾನ್ಸ್‌ಫರ್ ಕೇಸ್‌ಗೆ ಅದೇ ಆಯಿಲ್, ಹಿಡಿಯುವುದು 0.8 ಲೀಟರ್ ಮಾತ್ರ. ಹಿಂದಿನ ಸೀಲ್‌ನಿಂದ ಹನಿಹನಿ ಜಿನುಗಿ ಒಂದು ಲೋಟ ಹೋದರೂ ಕಾಲು ಭಾಗ ಖಾಲಿಯಾದ ಲೆಕ್ಕ. ಹಾಗಾಗಿ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿರಡೆ ಬಿಚ್ಚಿ ಬೆರಳು ಹಾಕಿ ಮಟ್ಟ ನೋಡಿ. ಅದನ್ನು ಹಿಡಿದಿಟ್ಟ ಮೂರು ರಬ್ಬರ್ ಮೌಂಟುಗಳನ್ನೂ ಆಗಲೇ ಅಲ್ಲಾಡಿಸಿ ನೋಡಿ. ಕ್ಲಚ್ ಬಿಡುವಾಗ ಕೆಳಗಿನಿಂದ 'ದಡ್' ಅಂದರೆ ರಬ್ಬರ್ ಹರಿದಿದೆ.

ಗ್ರೀಸ್ ವಿಷಯ ಚಿಕ್ಕದು. ಮೂರು ಪ್ರೊಪೆಲ್ಲರ್ ಶಾಫ್ಟ್, ಅವುಗಳ ತುದಿಗಳಲ್ಲಿ ಆರು ಕ್ರಾಸ್ (ಶಾಫ್ಟ್ ಮಡಿಯಲು ಬಿಡುವ ಜಾಯಿಂಟ್). ಹಳ್ಳ ದಾಟುವ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಗ್ರೀಸ್ ಹೊಡೆಯಬೇಕು, ನಾಲ್ಕೂ ಬಾಯಿಂದ ಹಳೆ ಕಂದು ಗ್ರೀಸ್ ಹೋಗಿ ಹೊಸದು ಕಾಣುವವರೆಗೆ. ಮೂರು ಬಾಯಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಕಪ್ ಒಳಗೆ ಒಣಗಿದೆ, ಆ ಕ್ರಾಸ್ ಬದಲಿಸುವ ಕಾಲ ಬಂದಿದೆ. ಫೋರ್‌ವೀಲ್ ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹಾಕಿ ನಾಲ್ಕೈದು ಕಿಲೋಮೀಟರ್ ಓಡಿಸಿ, ಆದರೆ ಮಣ್ಣುದಾರಿಯಲ್ಲಿ ಮಾತ್ರ. ಈ ಗಾಡಿಗೆ ನಡುವಿನ ಡಿಫ್ ಇಲ್ಲದ ಕಾರಣ ಡಾಂಬರಿನ ಮೇಲೆ ತಿರುವಿದರೆ ಮುಂದಿನ ಹಿಂದಿನ ಶಾಫ್ಟುಗಳು ಒಂದನ್ನೊಂದು ತಿರುಚುತ್ತವೆ.

ಚಾಸಿ, ತಗಡು, ಹಳೆ ಆಯಿಲ್

ನಿಮ್ಮ ಭಾವ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಎಣ್ಣೆ ಪಸೆ ಇರುವ ಕಬ್ಬಿಣಕ್ಕೆ ತುಕ್ಕು ನಿಧಾನ. ಆದರೆ ಓಡಿದ ಇಂಜಿನ್ ಆಯಿಲ್‌ನಲ್ಲಿ ಆಮ್ಲ ಇರುತ್ತದೆ, ಅದು ಸ್ಪ್ರಿಂಗ್ ಬುಷ್, ಬ್ರೇಕ್ ಹೋಸ್, ಬಾಡಿ ಮೌಂಟಿನ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಧೂಳು ಹಿಡಿದು ಒದ್ದೆಯ ಪದರ ಕಟ್ಟುತ್ತದೆ, ಮೊದಲ ಜೋರು ಮಳೆಗೆ ತೊಳೆದು ನಿಮ್ಮ ಹಳ್ಳಕ್ಕೇ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ತುಕ್ಕಿನ ಮೇಲೇ ದಪ್ಪ ಟಾರ್ ಕೋಟಿಂಗ್ ಹೊಡೆಸುವುದು. ಹೊರಗೆ ಕಪ್ಪಗೆ ಹೊಸದರ ಹಾಗೆ ಕಾಣುತ್ತದೆ, ಒಳಗೆ ತೇವ ಸಿಕ್ಕಿಕೊಂಡು ತುಕ್ಕು ಯಾರಿಗೂ ಕಾಣದಂತೆ ತಿನ್ನುತ್ತಲೇ ಇರುತ್ತದೆ. ಹಳೆ ಗಾಡಿ ಕೊಳ್ಳುವವರು ಹೊಸದಾಗಿ ಕಪ್ಪು ಬಳಿದ ಚಾಸಿ ಕಂಡರೆ ಹಿಂದೆ ಸರಿಯುವುದು ಇದಕ್ಕೇ.

ಕೆಲಸ ಶುರು ಮಾಡುವ ಮೊದಲು ದೊಡ್ಡ ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತಿಂದುಹೋದದ್ದು ಡಬ್ ಅನ್ನುತ್ತದೆ. ಡಬ್ ಅಂದ ಕಡೆ ಮೊನೆಯಿಂದ ಚುಚ್ಚಿ. ಮುಖ್ಯವಾಗಿ ನೋಡಬೇಕಾದದ್ದು ಹಿಂದಿನ ಸ್ಪ್ರಿಂಗ್ ಕಿವಿಗಳ ಸುತ್ತ, ಸ್ಟೇರಿಂಗ್ ಬಾಕ್ಸ್ ಕೂರುವ ಜಾಗ, ಬಾಡಿ ಮೌಂಟುಗಳು, ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗ. ಚಾಸಿ ಒಳಗೆ ಟೊಳ್ಳು, ಕೆಳಗೆ ನೀರಿಳಿಯುವ ತೂತುಗಳಿವೆ. ಕೆಸರಿನಿಂದ ಅವು ಮುಚ್ಚಿಹೋದರೆ ಚಾಸಿ ಒಳಗಿನಿಂದ ಕೊಳೆಯುತ್ತದೆ. ತಂತಿ ಹಾಕಿ ಬಿಡಿಸಿ. ಅಲ್ಲಿಂದ ಸುರಿಯುವ ಕೆಂಪು ನೀರಿನ ಪ್ರಮಾಣ ನೋಡಿದರೆ ಯಾರಿಗಾದರೂ ಆಶ್ಚರ್ಯವಾಗುತ್ತದೆ.

ಈ ಕೆಲಸಕ್ಕೆ ನಿಮ್ಮಲ್ಲಿ ವರ್ಷಕ್ಕೆ ಒಂದೇ ಕಿಟಕಿ: ಕೊಯ್ಲು ಮುಗಿದು ಹೂಮಳೆ ಬೀಳುವ ಮುಂಚಿನ ಬಿಸಿಲು. ಜೋರು ನೀರಿನಲ್ಲಿ ತೊಳೆದು ಎರಡು-ಮೂರು ದಿನ ಬಿಸಿಲಿಗೆ ಬಿಡಿ. ಉದುರುವ ತುಕ್ಕನ್ನು ತಂತಿ ಬ್ರಶ್‌ನಿಂದ ಕೆರೆದು ತೆಗೆದ ಮೇಲೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಬಳಿಯಿರಿ, ಉಳಿದ ತುಕ್ಕು ಕಪ್ಪಗೆ ತಿರುಗುತ್ತದೆ. ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಮೇಲೆ ಚಾಸಿ ಬ್ಲ್ಯಾಕ್. ಟೊಳ್ಳಿನ ಒಳಗೆ ಬಣ್ಣ ತಲುಪುವುದಿಲ್ಲ, ಅಲ್ಲಿಗೆ ಉದ್ದ ನಳಿಗೆಯ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಬೇಕು. ತೂತಾದ ನೆಲಕ್ಕೆ ಪುಟ್ಟಿ ಮೆತ್ತುವುದಲ್ಲ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿ, ಜೋಡಣೆಗೆ ಸೀಲರ್ ಹಾಕಬೇಕು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ, ಇಸಿಎಂನ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿನ) ಕನೆಕ್ಟರ್ ಎಳೆದಿಡಿ. ಟ್ಯಾಂಕ್ ಹತ್ತಿರದ ಕೆಲಸವಾದರೆ ಟ್ಯಾಂಕ್ ಇಳಿಸಲೇಬೇಕು. ಇನ್ನು ನೆಲದ ರಬ್ಬರ್ ಮ್ಯಾಟ್, ಅದರಡಿಯ ಫೆಲ್ಟ್: ನಿಮ್ಮ ತಗಡನ್ನು ತಿಂದದ್ದು ಅದೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದನ್ನು ಅಟ್ಟದ ಮೇಲೆ ಹಾಕಿ.

ಥರ್ಮೋಸ್ಟಾಟ್ ವಾಪಸ್ ಹಾಕಿಸಿ

ಬೇಡ ಎನ್ನುವ ಮೇಸ್ತ್ರಿಯ ತರ್ಕ ಕಾರ್ಬ್ಯುರೇಟರ್ ಕಾಲದ್ದು. ಆಗಲೂ ಅದು ಸರಿ ಇರಲಿಲ್ಲ, ಎಂಪಿಎಫ್‌ಐಗಂತೂ ನಷ್ಟವೇ. ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ಸದಾ ರೇಡಿಯೇಟರ್ ಸುತ್ತುತ್ತ ಇಂಜಿನ್ ಬಿಸಿಗೆ ಬರುವುದೇ ಇಲ್ಲ. ಇಂಜಿನ್ ಇನ್ನೂ ತಣ್ಣಗಿದೆ ಎಂದು ಸೆನ್ಸರ್ ಹೇಳುತ್ತಿರುವವರೆಗೆ ಇಸಿಎಂ ಹೆಚ್ಚು ಪೆಟ್ರೋಲ್ ಸಿಂಪಡಿಸುತ್ತದೆ. ಮೈಲೇಜು ಇಳಿಯುತ್ತದೆ, ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಆಯಿಲ್‌ಗೆ ಬೆರೆಯುತ್ತದೆ, ಆಯಿಲ್‌ನ ತೇವ ಆವಿಯಾಗಿ ಹೋಗುವುದಿಲ್ಲ. ಆಯಿಲ್ ತುಂಬುವ ಮುಚ್ಚಳದ ಒಳಗೆ ಮೊಸರಿನಂಥ ಲೋಳೆ ಕಂಡಿದ್ದರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೌಹಾರಬೇಡಿ, ಮೊದಲು ಥರ್ಮೋಸ್ಟಾಟ್ ಹಾಕಿಸಿ ಎರಡು ವಾರ ಓಡಿಸಿ ನೋಡಿ. ಕೂಲಂಟ್ ಮಟ್ಟ ಇಳಿಯುತ್ತಿದ್ದರೆ ಮಾತ್ರ ಗ್ಯಾಸ್ಕೆಟ್ ಅನುಮಾನ.

ಇಂಜಿನ್ ಬಿಸಿಯಾಗುತ್ತಿದ್ದುದಕ್ಕೇ ಅದನ್ನು ಕಿತ್ತಿದ್ದರೆ ನಿಜವಾದ ಕಾರಣ ಬೇರೆ ಇದೆ: ರೇಡಿಯೇಟರ್ ಜಾಲರಿಯಲ್ಲಿ ಕೆಸರು, ಕ್ಯಾಪಿನ ರಬ್ಬರ್ ಸತ್ತಿರುವುದು, ಅಥವಾ ಬೋರ್‌ವೆಲ್ ನೀರು ಹಾಕಿ ಒಳಗೆಲ್ಲ ಸುಣ್ಣ ಕಟ್ಟಿರುವುದು. ಈ ಇಂಜಿನ್ನಿನ ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ. ಒಂದು ಸಲ ಚೆನ್ನಾಗಿ ಕುದ್ದರೆ ಹೆಡ್ ಸೊಟ್ಟಗಾಗುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ, ಎರಡು ವರ್ಷಕ್ಕೊಮ್ಮೆ ಬದಲು. ರೇಡಿಯೇಟರನ್ನು ಇಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ತೊಳೆಯಬೇಕು, ಎದುರಿನಿಂದ ಜೋರಾಗಿ ಹೊಡೆದರೆ ಕೆಸರು ಇನ್ನೂ ಒಳಗೆ ಹೋಗಿ ಕೂರುತ್ತದೆ.

ಟೈಮಿಂಗ್ ಬೆಲ್ಟ್ ಬಗ್ಗೆ ನೀವು ಬರೆದೇ ಇಲ್ಲ. ಒಂದು ಲಕ್ಷ ಕಿಲೋಮೀಟರಿಗೆ ಬದಲಾಗಬೇಕಾದದ್ದು. ಬದಲಾದ ದಾಖಲೆ ಇಲ್ಲದಿದ್ದರೆ ಆಗಿಲ್ಲ ಎಂದೇ ಎಣಿಸಿ. ಬೆಲ್ಟ್ ಜತೆ ಟೆನ್ಷನರ್, ಕ್ಯಾಮ್ ಮತ್ತು ಕ್ರ್ಯಾಂಕ್‌ನ ಆಯಿಲ್ ಸೀಲ್, ವಾಟರ್ ಪಂಪ್ ಒಂದೇ ಕೂಲಿಯಲ್ಲಿ ಮುಗಿಸಿ.

ಎಥನಾಲ್ ಪೆಟ್ರೋಲ್

ಇಂಜಿನ್ ಇದರಿಂದ ಸಾಯುವುದಿಲ್ಲ, ಆದರೆ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಲೀಟರ್ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಶೇ 20 ಬೆರೆತರೆ ಶುದ್ಧ ಪೆಟ್ರೋಲಿಗೆ ಹೋಲಿಸಿ ಆರೇಳು ಶೇಕಡಾ ಶಕ್ತಿ ಕಡಿಮೆ, ಮೈಲೇಜಿನಲ್ಲಿ ಅದು ಕಾಣುತ್ತದೆ. ನಿಜವಾದ ಅಪಾಯ 2004ರ ರಬ್ಬರ್ ಪೈಪುಗಳಲ್ಲಿದೆ. ಎಂಪಿಎಫ್‌ಐ ಪೈಪಿನಲ್ಲಿ ಒತ್ತಡ ಹೆಚ್ಚು, ಬಿರುಕು ಬಿಟ್ಟರೆ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಟ್ಯಾಂಕಿನಿಂದ ಇಂಜೆಕ್ಟರ್ ರೈಲ್‌ವರೆಗಿನ ಎಲ್ಲ ರಬ್ಬರ್ ಪೈಪನ್ನೂ ಎಥನಾಲ್ ತಾಳುವ, ಇಂಜೆಕ್ಷನ್ ಒತ್ತಡಕ್ಕೆ ಮಾಡಿದ ಪೈಪಿಗೆ ಬದಲಿಸಿ. ಕ್ಲ್ಯಾಂಪ್ ಕೂಡ ಹಲ್ಲು ಕೊರೆದ ಸಾಮಾನ್ಯ ಕ್ಲ್ಯಾಂಪ್ ಬೇಡ, ಸುತ್ತಲೂ ಸಮ ಒತ್ತುವ ಇಂಜೆಕ್ಷನ್ ಕ್ಲ್ಯಾಂಪ್. ಎಥನಾಲ್ ಹಳೆ ಟ್ಯಾಂಕಿನ ತಳದ ಕೊಳೆ ಬಿಡಿಸುವುದರಿಂದ ಫಿಲ್ಟರನ್ನು ಈಗೊಮ್ಮೆ, ಎರಡು ತಿಂಗಳಿಗೆ ಇನ್ನೊಮ್ಮೆ ಬದಲಿಸಿ. ಅದು ಗಾಳಿಯ ತೇವವನ್ನೂ ಹೀರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ತುಂಬಿಸಿಡಿ. ಆ ಪೆಟ್ರೋಲ್ ಎರಡು ಮೂರು ತಿಂಗಳೊಳಗೆ ಮುಗಿಯಲಿ.

ಬ್ರೇಕ್ ಆಯಿಲ್ ಕೂಡ ಹೀಗೇ ನೀರು ಹೀರುತ್ತದೆ. ಡಾಟ್-3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ತೋಟದೊಳಗೆ ಇದು ತಿಳಿಯುವುದೇ ಇಲ್ಲ. ಚಾರ್ಮಾಡಿ ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗಿ ತಳಕ್ಕೆ ಹೋದಾಗ ತಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಸ್ವಾತಿ ಸರ್ವಿಸ್‌ನಲ್ಲಿ ಹಿಂದಿನ ಡ್ರಮ್ ಬಿಚ್ಚಿ ಕೆಸರು ತೆಗೆದು ವೀಲ್ ಸಿಲಿಂಡರಿನ ರಬ್ಬರ್ ಬೂಟು ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಬದಲಾಯಿಸಬೇಕು.

ಇಟ್ಟುಕೊಳ್ಳುವುದೋ ಮಾರುವುದೋ

ಹದಿನೈದು ವರ್ಷ ದಾಟಿದ ಗಾಡಿ ಗುಜರಿಗೇ ಹೋಗಬೇಕು ಎಂಬ ಮಾತು ದೆಹಲಿ ಸುತ್ತಮುತ್ತಲಿನ ನಿರ್ಬಂಧದಿಂದ ಹುಟ್ಟಿ ಇಲ್ಲಿಗೆ ಬಂದದ್ದು. ಕರ್ನಾಟಕದಲ್ಲಿ ಖಾಸಗಿ ಗಾಡಿ ಫಿಟ್‌ನೆಸ್ ಪಾಸಾದರೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣವಾಗುತ್ತದೆ. 2004ರ ಗಾಡಿಗೆ ಮೊದಲ ಸರದಿ 2019, ಎರಡನೆಯದು 2024. ಅದು ಆಗಿದೆಯೇ ನೋಡಿಕೊಳ್ಳಿ. ಆಗಿರದಿದ್ದರೆ ಬೇರೆಲ್ಲಕ್ಕಿಂತ ಮೊದಲು ಅದು.

ಕೆಟ್ಟಾಗ ಕೆಟ್ಟದ್ದನ್ನು ಮಾತ್ರ ರಿಪೇರಿ ಮಾಡಿಸುವುದು ಅಗ್ಗ ಅನ್ನಿಸುತ್ತದೆ. ಆದರೆ ನಕಲ್ ಒಂದಕ್ಕೇ ಮೂರು ಸಲ ಕೂಲಿ ಕೊಡುವ ದಾರಿ ಅದು. ಬಾಡಿ ಎತ್ತಿ ಪೂರ್ತಿ ಹೊಸದು ಮಾಡಿಸುವುದು ನೋಡಲು ಚೆಂದ, ಆದರೆ ತಿಂಗಳುಗಟ್ಟಲೆ ಗಾಡಿ ಇಲ್ಲದೆ ತೋಟ ನಡೆಯಬೇಕು, ಬಿಚ್ಚಿದ ಮೇಲೆ ಖರ್ಚಿನ ಮೇಲೆ ಹಿಡಿತ ಇರುವುದಿಲ್ಲ, ಅರ್ಧಕ್ಕೆ ನಿಂತ ಗಾಡಿಗಳು ಎಷ್ಟೋ ಶೆಡ್ಡುಗಳಲ್ಲಿವೆ. ದುಡಿಯುವ ಗಾಡಿಗೆ ನಾನು ಹೇಳುವುದು ಎರಡು ವರ್ಷದ ಹಂತದ ಕೆಲಸ: ಈ ಬಾರಿ ನಕಲ್, ಬ್ರೀದರ್, ಎಲ್ಲ ಆಯಿಲ್, ಪೆಟ್ರೋಲ್ ಪೈಪ್, ಥರ್ಮೋಸ್ಟಾಟ್, ಟೈಮಿಂಗ್ ಬೆಲ್ಟ್. ಮುಂದಿನ ಬೇಸಿಗೆಗೆ ಚಾಸಿ, ನೆಲ, ಸ್ಪ್ರಿಂಗ್ ಬುಷ್. ಸ್ಪ್ರಿಂಗ್ ಬಿಚ್ಚಿದರೆ ಯು ಬೋಲ್ಟ್ ಹೊಸದೇ ಹಾಕಿ, ಐನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ.

ಮಗನ ಮಾತು ಸರಿಯಾಗುವ ಸಂದರ್ಭ ಒಂದೇ. ಸ್ಟೇರಿಂಗ್ ಬಾಕ್ಸ್ ಅಥವಾ ಸ್ಪ್ರಿಂಗ್ ಕಿವಿಯ ಬುಡದಲ್ಲಿ ಚಾಸಿಯ ಎರಡೂ ಗೋಡೆ ತಿಂದುಹೋಗಿ, ಸ್ಕ್ರೂಡ್ರೈವರ್ ಆಚೆ ದಾಟಿದರೆ. ತೇಪೆ ಅಲ್ಲಿ ನಿಲ್ಲುವುದಿಲ್ಲ. ಬೇರೆ ಗಾಡಿಯ ಚಾಸಿ ತಂದು ಹಾಕಿದರೆ ನಂಬರ್ ಆರ್‌ಸಿಗೆ ತಾಳೆಯಾಗದೆ ಗಾಡಿಯೇ ಅಕ್ರಮವಾಗುತ್ತದೆ. ಬಿಡಿಭಾಗದ ಚಿಂತೆಗೆ ಮಾರಬೇಡಿ. 1985ರಿಂದ ಬಂದ ಗಾಡಿ ಇದು, ಸೇನೆಯಲ್ಲಿ ಸಾವಿರಗಟ್ಟಲೆ ಓಡಿದೆ, ಬೇರಿಂಗ್, ಸೀಲ್, ಕ್ರಾಸ್, ಬುಷ್ ಇನ್ನೂ ಸಿಗುತ್ತವೆ. ಸಿಗದೆ ಸತಾಯಿಸುವುದು ಬಾಡಿ ತಗಡು, ಎಂಪಿಎಫ್‌ಐನ ಸೆನ್ಸರ್‌ಗಳು. ಸುಸ್ಥಿತಿಯಲ್ಲಿರುವ ಸೆನ್ಸರ್ ಸೆಟ್ ಸಿಕ್ಕರೆ ತೆಗೆದಿಟ್ಟುಕೊಳ್ಳಿ.

ಇಷ್ಟರಲ್ಲಿ ಈ ವಾರವೇ ಆಗಬೇಕಾದದ್ದು ಮುಂದಿನ ಡಿಫ್ ಆಯಿಲ್. ಉಳಿದದ್ದಕ್ಕೆ ಬಿಡಿಭಾಗ ಬರುವವರೆಗೆ ಕಾಯಬಹುದು, ನೀರು ಬೆರೆತ ಆಯಿಲ್‌ನಲ್ಲಿ ನಿಂತ ಬೇರಿಂಗ್ ಕಾಯುವುದಿಲ್ಲ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಇಳಿಸುವ ಬಿರಡೆಯನ್ನು ಒಂದೆರಡು ಸುತ್ತು ಸಡಿಲಿಸಿ. ತಳ ಸೇರಿದ ನೀರು ಮೊದಲು ಬರುತ್ತದೆ. ಅದನ್ನು ಒಂದು ಗಾಜಿನ ಬಾಟಲಿಯಲ್ಲಿ ಹಿಡಿದಿಡಿ. ಕಾಲು ಲೀಟರ್‌ಗಿಂತ ಹೆಚ್ಚು ಬಂದರೆ ನಕಲ್ ಕೆಲಸ ಆಗುವವರೆಗೆ ಹಳ್ಳದ ದಾರಿ ಬಿಟ್ಟು ಸುತ್ತಿನ ದಾರಿಯಲ್ಲೇ ಓಡಿಸಿ, ಐವತ್ತರ ಮೇಲೆ ಹೋಗಬೇಡಿ.